ತಮ್ಮನಿಗೆ ಕೊಡದ ಬಾಟಲಿ

ಊರಿಗೆಲ್ಲ ಅವಳು ನೀರಕ್ಕ. ನಗರಸಭೆಯ ಆರೋಗ್ಯ ನಿರೀಕ್ಷಕಿ. ಕಂಕುಳಲ್ಲೊಂದು ಐಸ್ ಪೆಟ್ಟಿಗೆ, ಬಾಯಲ್ಲಿ ಸದಾ ಗದರಿಕೆ. ಯಾವ ಹೋಟೆಲಿಗೆ ಹೋದರೂ ಮೊದಲು ಹೊರಗಿನ ಕ್ರಿಮಿ ಸಾಯಲೆಂದು ನಲ್ಲಿಯ ಬಾಯನ್ನು ಬೆಂಕಿಯಲ್ಲಿ ಸುಟ್ಟು, ನೀರು ಹರಿಯಬಿಟ್ಟು, ಆಮೇಲೆ ಎರಡು ಬಾಟಲಿ ತುಂಬುತ್ತಿದ್ದಳು. ಒಂದು ಪ್ರಯೋಗಾಲಯಕ್ಕೆ. ಇನ್ನೊಂದಕ್ಕೆ ಸೀಲು ಹಾಕಿ ಅಂಗಡಿಯವರಿಗೇ ಕೊಡಬೇಕು. "ನನ್ನ ಮಾತು ನಂಬ್ಬೇಡಿ, ಬೇಕಿದ್ರೆ ಬೇರೆ ಕಡೆ ತೋರಿಸ್ಕೊಳ್ಳಿ" ಎನ್ನುತ್ತಿದ್ದಳು. ಸರ್ಕಾರ ಯಾರತ್ತ ಬೆರಳು ತೋರಿಸಿದರೂ ಅವರಿಗೆ ಎದುರು ಉತ್ತರ ಕೊಡುವ ದಾರಿ ಇರಬೇಕಲ್ಲ!

ಶಾಲೆಯ ಎದುರಿನ ಕ್ಯಾಂಟೀನು ಅವಳ ತಮ್ಮನದು. ತಾಯಿ ಹೋದಾಗ ಅವನಿಗಿನ್ನೂ ಹಾಲುಹಲ್ಲು. ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳೇ. ಅಲ್ಲಿ ನೀರು ಕುಡಿದ ಮಕ್ಕಳು ವಾಂತಿಭೇದಿಯಿಂದ ಮಲಗತೊಡಗಿದಾಗ, ಇನ್ನೊಬ್ಬ ನಿರೀಕ್ಷಕ ರಜೆಯಲ್ಲಿದ್ದುದರಿಂದ ಇವಳೇ ಹೋದಳು. ಎರಡನೆಯ ಬಾಟಲಿ ಚಾಚಿದರೆ ತಮ್ಮ ನಕ್ಕುಬಿಟ್ಟ.

"ಅಯ್ಯೋ ಹೋಗಕ್ಕಾ! ನಿನ್ನ ಮೇಲೆ ನಾನು ಅನುಮಾನ ಪಡ್ತೀನಾ?"

ಪಾಪದ ಹೆಂಗಸು, ಆ ಮಾತಿಗೇ ಕರಗಿಹೋದಳು. ಬಾಟಲಿಯ ನೀರನ್ನು ಅಲ್ಲೇ ಚೆಲ್ಲಿದಳು.

ನೀರಿಗೆ ಚರಂಡಿ ಸೇರಿದೆ ಎಂದು ವರದಿ ಬಂತು. ಅವಳೇ ಬೀಗ ಜಡಿದಳು. ತಮ್ಮ ಕೆಂಡಾಮಂಡಲವಾದ. "ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ! ಇನ್ಮೇಲೆ ನನ್ನ ಮುಖ ನೋಡ್ಬೇಡ!"

ಅವಳಿಗೆ ಅನ್ನ ಸೇರಲಿಲ್ಲ. ಅವನ ಬೈಗುಳವಾದರೂ ನುಂಗಿಕೊಳ್ಳಬಹುದಿತ್ತು. ಚೆಲ್ಲಿದ ಬಾಟಲಿ ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತ್ತು. ಕಡೆಗೆ ಅಧಿಕಾರಿಯ ಮುಂದೆ ಹೋಗಿ ನಿಂತಳು.

"ಅವನ ಪಾಲಿನ ಬಾಟಲಿ ಕೊಡ್ಲಿಲ್ಲ ಸಾರ್. ಕಾನೂನಿನ ಮುಂದೆ ಆ ಬೀಗ ನಿಲ್ಲಲ್ಲ."

"ಯಾರೂ ಕೇಳಿಲ್ವಲ್ಲಮ್ಮ, ನೀವ್ಯಾಕೆ ಮೈಮೇಲೆ ಎಳ್ಕೋತೀರಾ?"

"ಬೇರೆಯವನಾಗಿದ್ರೆ ಬಲವಂತವಾಗಿಯಾದ್ರೂ ಕೊಟ್ಟಿರ್ತಿದ್ದೆ. ತಮ್ಮ ಅನ್ನೋ ಕಾರಣಕ್ಕೇ ಅವನ ಹಕ್ಕು ಹೋಯ್ತಲ್ಲ ಸಾರ್."

ಅಧಿಕಾರಿ ನಿಟ್ಟುಸಿರು ಬಿಟ್ಟು ಆದೇಶ ರದ್ದು ಮಾಡಿದರು. ಬೇರೆ ನಿರೀಕ್ಷಕ ಬಂದು ಮತ್ತೆ ನೀರು ತೆಗೆಯುವವರೆಗೆ ಕ್ಯಾಂಟೀನು ತೆರೆಯಲು ಅಡ್ಡಿಯಿಲ್ಲ. ಅಂದರೆ ಅದೇ ತೊಟ್ಟಿ, ಅದೇ ನಲ್ಲಿ, ಅದೇ ಮಕ್ಕಳು.

ಶಾಲೆ ಬಿಡುವ ಹೊತ್ತಿಗೆ ಹೋಗಿ ಬೀಗ ತೆಗೆದಳು. ತಮ್ಮ ಷಟರಿಗೆ ಕೈಹಾಕಿ ಅರ್ಧಕ್ಕೆ ಎತ್ತಿದ.

"ಕಾನೂನು ಈಗ ನಿನ್ನ ಕಡೆ ಇದೆ ಕಣೋ. ತೆಗೀಬೇಡ ಅನ್ನೋ ಅಧಿಕಾರ ನಂಗಿಲ್ಲ. ಅಕ್ಕನಾಗಿ ಕೇಳ್ಕೋತೀನಿ, ತೆಗೀಬೇಡ."

ಗಂಟೆ ಹೊಡೆಯಿತು. ಮಕ್ಕಳು ಗೇಟಿನಿಂದ ನುಗ್ಗಿ ಬರುತ್ತಿದ್ದರು. ಅವನು ಬೆನ್ನು ತಿರುಗಿಸಿಯೇ ಕೇಳಿದ.

"ನಿಜ ಹೇಳಕ್ಕ. ಆ ಮಕ್ಳು ಮಲಗಿದ್ದು ನನ್ನ ನೀರಿಂದಾನಾ?"

ಕಹಿ ಔಷಧಿಯನ್ನು ಸಿಹಿಯೆಂದು ಹೇಳಿ ಎಷ್ಟು ಸಲ ಕುಡಿಸಿದ್ದಳೋ ಇವನಿಗೆ! ಈಗಲೂ ಅಂಥದೊಂದು ಸುಳ್ಳು ನಾಲಿಗೆಯ ತುದಿಗೆ ಬಂತು.

"ಹೌದು ಕಣೋ," ಎಂದಳು.

ಷಟರು ಧಡಾರನೆ ಕೆಳಗಿಳಿಯಿತು. ಅವನು ಮೆಟ್ಟಿಲ ಮೇಲೆ ಕುಸಿದು, ಬೀದಿಯ ಪರಿವೆಯೇ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತ. ಇಷ್ಟು ದಿನ ಅಕ್ಕನ ಮೇಲೆ ಕಾರಿದ್ದ ಸಿಟ್ಟೆಲ್ಲ ಈ ಉತ್ತರದ ಭಯವೇ ಆಗಿತ್ತು. ಅವಳು ಪಕ್ಕದಲ್ಲಿ ಕೂತು ಅವನ ತಲೆ ಸವರಿದಳು.

"ಒಂದು ಮಗು ಇನ್ನೂ ಆಸ್ಪತ್ರೇಲೇ ಇದೆಯಂತೆ," ಎಂದ ಅವನು, ಮೂಗೊರೆಸಿಕೊಳ್ಳುತ್ತ. "ಅವರಮ್ಮನ ಮುಂದೆ ಒಬ್ನೇ ಹೋಗಿ ನಿಲ್ಲೋಕಾಗಲ್ಲ. ಜೊತೇಲಿ ಬರ್ತೀಯಾ?"

"ಮೊದ್ಲು ಮುಖ ತೊಳ್ಕೊಂಡು ಬಾ, ಪಕ್ಕದ ಮನೇಲಿ," ಎಂದು ಗದರಿ ಅವಳು ಎದ್ದು ನಿಂತಳು.