ಹೊಸ ಪುಸ್ತಕದಲ್ಲಿ ರಾಯಭಾರಿಯ ಪಾಡು

ನಿಯಮ ಮುರಿಯುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಜಗಳವಾಡಿದ್ದೇನೋ ನನಗೇ ನೆನಪಿಲ್ಲ. ಆಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ, ಕೆಂಪು ಇಂಕಿನ ಪೆನ್ನು ಸದಾ ಜೇಬಿನಲ್ಲಿರುತ್ತಿತ್ತು. ಇಂಥವನ ಕೈಗೆ ಬರೀ ನಿಯಮಗಳೇ ತುಂಬಿದ ಆಟದ ಪುಸ್ತಕವೊಂದು ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೆನ್ನು ಕಿತ್ತುಹೋಗಿದ್ದ ಆ ಇಂಗ್ಲಿಷ್ ಪುಸ್ತಕ ಮೈಸೂರಿನ ಒಂದು ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತು. ಆ ಆಟಕ್ಕೆ ಮಣೆಯೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಕತೆಯೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ, ಏನು ಹೇಳುತ್ತೇವೆ ಎಂದು ಬಾಯಲ್ಲೇ ಆಡುತ್ತಾರೆ. ಗೆದ್ದರೋ ಸೋತರೋ ಎಂಬ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಅಂಥ ದಾಳ ನಮಗೆಲ್ಲಿ ಸಿಗಬೇಕು? ಇಪ್ಪತ್ತು ಹುಣಸೆ ಬೀಜಗಳ ಮೇಲೆ ಬಿಳಿ ಪೇಂಟಿನಲ್ಲಿ ಅಂಕಿ ಬರೆದು ಚೊಂಬಿಗೆ ಹಾಕಿದೆವು. ಕಣ್ಣು ಮುಚ್ಚಿ ಒಂದನ್ನು ಎತ್ತುವುದು, ದೊಡ್ಡ ಅಂಕಿ ಬಂದರೆ ಗೆಲುವು.

ಆಡುತ್ತಿದ್ದವರು ನಾವು ನಾಲ್ವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕತೆ ನಡೆಸುವವನು ನಾನು. ಒಬ್ಬ ಶ್ರೀರಂಗಪಟ್ಟಣದಲ್ಲಿ ಲಾರಿ, ಟೆಂಪೋಗಳ ಸೀಟು ಹೊಲಿಯುವ ಮುಸ್ಲಿಂ ಗೆಳೆಯ. ಭಾನುವಾರ ಮಧ್ಯಾಹ್ನ ಅವನ ಕುಶನ್ ಅಂಗಡಿಯ ರೆಕ್ಸಿನ್ ಸುರುಳಿಗಳ ಮೇಲೆಯೇ ನಮ್ಮ ಬೈಠಕ್ಕು. ಇನ್ನೊಬ್ಬ ಬಾಬುರಾಯನಕೊಪ್ಪಲಿನಲ್ಲಿ ಗದ್ದೆ ಮಾಡಿಕೊಂಡಿದ್ದವನು. ಮೂರನೆಯವನು ಬೆಳಗೊಳದ ಕಡೆ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ. ಅವನಿಗೆ ಚಿಕ್ಕಂದಿನಿಂದ ಮಾತು ತೊದಲುತ್ತಿತ್ತು. ಕ, ಪ, ಮ ಬಂದರೆ ತುಟಿ ಕಟ್ಟಿಹೋಗಿ ಕಣ್ಣಲ್ಲಿ ನೀರೂರುತ್ತಿತ್ತು. ಡೇರಿಯಲ್ಲಿ ಲ್ಯಾಕ್ಟೋಮೀಟರು ಅದ್ದಿ, ಕಂಡದ್ದನ್ನು ಬರೆದುಕೊಂಡರೆ ಮುಗಿಯಿತು, ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಪಾತ್ರ ಆರಿಸುವ ದಿನ ಗದ್ದೆಯವನು ಸೈನಿಕನಾದ, ಕುಶನ್ನಿನವನು ಕಳ್ಳನಾದ. ಡೇರಿಯವನು ಮಾತ್ರ "ರಾಯಭಾರಿ" ಎಂದ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಏಕೆಂದರೆ ಪುಸ್ತಕದ ಪ್ರಕಾರ ರಾಯಭಾರಿಯ ಮಾತನ್ನು ಆಟಗಾರನೇ ಆಡಬೇಕು. ಎದುರಾಳಿ ದೊರೆಯಾಗಿ ಕೂತ ನಾನು ಅದನ್ನು ಕೇಳಿ ಒಪ್ಪಬೇಕು ಇಲ್ಲವೇ ತಳ್ಳಿಹಾಕಬೇಕು. ಅಲ್ಲಿ ಹುಣಸೆ ಬೀಜಕ್ಕೆ ಕೆಲಸವಿಲ್ಲ.

ಮೂರು ವರ್ಷ ಹಾಗೇ ಆಡಿದೆವು. ಆಮೇಲೊಂದು ದಿನ ಮೈಸೂರಿನ ಅದೇ ಪುಸ್ತಕದಂಗಡಿಯಾತ, ಅದೇ ಆಟದ ಹೊಸ ಆವೃತ್ತಿಯನ್ನು ನನಗೆಂದೇ ತೆಗೆದಿಟ್ಟಿದ್ದ. ಮನೆಗೆ ತಂದು, ಕೆಂಪು ಪೆನ್ನು ಹಿಡಿದು, ಬದಲಾದ ಪ್ರತಿ ನಿಯಮಕ್ಕೂ ಗೆರೆ ಎಳೆದೆ. ಎಳೆದಷ್ಟೂ ಸಿಟ್ಟು ಬಂತು. ಸರಿಯಾಗಿದ್ದುದನ್ನು ಯಾರಪ್ಪನ ಅಪ್ಪಣೆ ಕೇಳಿ ಬದಲಾಯಿಸಿದರು?

"ಸಿಟ್ಯಾಕ್ಲಾ ಮೇಷ್ಟ್ರೇ?" ಎಂದ ಗದ್ದೆಯವನು. "ವೊಸಾ ತಳಿ ಬಂತು ಅಂತ ಇರೋ ಗದ್ದೆಗೆಲ್ಲಾ ನಾಟಿ ಆಕ್ಬುಡ್ತೀವಾ? ಮೊದ್ಲು ಗದ್ದೇಲಿ ಒಂದ್ ಸಣ್ ಮಡಿಗಾಕಿ ನೋಡ್ತೀವಿ. ಬಂದ್ರೆ ಬಂತು, ಇಲ್ದಿದ್ರೆ ಕಿತ್ತಾಕು."

ಹಾಗೇ ಮಾಡಿದೆವು. ಒಂದೊಂದು ಹೊಸ ನಿಯಮವನ್ನೂ ಎರಡು ಭಾನುವಾರ ಆಡಿ ನೋಡಿ ತೀರ್ಪು ಕೊಡುವುದು. ಗಾಯವಾದವನು ಒಂದು ರಾತ್ರಿ ಮಲಗಿದರೆ ಪೂರ್ತಿ ಗುಣವಾಗುತ್ತಾನೆ ಎಂಬುದು ಮೊದಲ ನಿಯಮ. "ಟಿಲ್ಲರ್ ಮಗುಚ್ಕಂಡು ಕಾಲ್ ಮುರ್ದಾಗ ಮೂರ್ ತಿಂಗ್ಳು ಮಂಚದ ಮ್ಯಾಲಿದ್ದೆ. ಇವನ್ಯಾವ ಸೀಮೆ ಸೈನಿಕ್ನಲಾ?" ಎಂದು ಗದ್ದೆಯವನು ಹಾರಾಡಿದ. ಎರಡನೇ ವಾರಕ್ಕೆ ಅವನೇ ರಾಗ ಬದಲಿಸಿದ. ಆಟದಲ್ಲೂ ಮಂಚದ ಮೇಲೆ ಬಿದ್ದಿರಲು ಅವನಿಗೆ ಇಷ್ಟವಿರಲಿಲ್ಲ, ಹಾಗಾಗಿ ಆ ನಿಯಮ ಪಾಸಾಯಿತು. ಹೊರೆ ಎಷ್ಟು ಬೇಕಾದರೂ ಹೊರಬಹುದು ಎಂಬುದು ಮುಂದಿನದು. "ಅರೇ, ಇದ್ನ ಬರ್ದವ್ನು ಒಂದ್ ದಿನಾನೂ ಮೂಟೆ ಎತ್ತಿಲ್ಲ ಕಣೋ ಯಾರ್" ಎಂದು ಕುಶನ್ನಿನವನು ಅದನ್ನು ಕೊನೆವರೆಗೂ ಒಪ್ಪಲಿಲ್ಲ. ಅದು ಬಿತ್ತು.

ಆಮೇಲೆ ರಾಯಭಾರಿಯ ನಿಯಮ ಬಂತು. ಹೊಸ ಪುಸ್ತಕದಲ್ಲಿ ರಾಯಭಾರಿ ಬಾಯಿ ಬಿಡಬೇಕಾಗಿಲ್ಲ. ಏನು ಕೇಳಲು ಹೊರಟೆ ಎಂದಷ್ಟು ಹೇಳಿ ಚೊಂಬಿಗೆ ಕೈ ಹಾಕಿದರೆ ಸಾಕು. ಅದನ್ನು ಓದಿ ನನಗೆ ಪುಸ್ತಕ ಬರೆದವನ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಆ ಭಾನುವಾರ ಡೇರಿಯವನ ಬಸ್ಸು ತಡವಾಗಿತ್ತು. ಅವನು ಬರುವಷ್ಟರಲ್ಲಿ ನಾವು ಮೂವರೂ ತೀರ್ಪು ಕೊಟ್ಟುಬಿಟ್ಟಿದ್ದೆವು.

"ಇದುನ್ನ ಮಡಿಗಾಕಿ ನೋಡಾದೂ ಬ್ಯಾಡ, ಏನೂ ಬ್ಯಾಡ" ಎಂದ ಗದ್ದೆಯವನು. "ಪಾಪ, ಅವ್ನಿಗೆ ಸಲೀಸಾಯ್ತದೆ."

ಅವನು ಬಂದ ಕೂಡಲೇ ವಿಷಯ ಹೇಳಿದೆವು. ಒಂದು ಗಳಿಗೆ ಚೊಂಬನ್ನೇ ನೋಡಿ "ಆಯ್ತು" ಎಂದ. ಎರಡು ಭಾನುವಾರ ಬಂದು ಬೀಜ ಎತ್ತಿದ, ಎತ್ತಿದ್ದಕ್ಕೆಲ್ಲ ಗೆದ್ದ. ಮೂರನೇ ಭಾನುವಾರ ಅವನ ಸುಳಿವಿಲ್ಲ, ನಾಲ್ಕನೆಯದಕ್ಕೂ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಸ್ಕೂಲು ಬಿಟ್ಟವನೇ ಬೆಳಗೊಳದ ಬಸ್ಸು ಹತ್ತಿದೆ. ಸಂಜೆ ಹಾಲು ಅಳೆಯಲು ಇನ್ನೂ ಹೊತ್ತಿತ್ತು. ಅವನು ನಾಲೆ ಏರಿಯ ಮೇಲೆ ಒಬ್ಬನೇ ಕೂತಿದ್ದ.

"ಬರೀ ಗೆಲ್ತಿದ್ದೆಯಲ್ಲೋ, ಬಿಟ್ಟಿದ್ದು ಯಾಕೆ?" ಎಂದು ಕೇಳಿದೆ.

ಅವನು ಆಡಿದ್ದನ್ನು ಇಲ್ಲಿ ಬರೆಯಲು ಎರಡು ಸಾಲು ಸಾಕು. ಆಡಲು ಅವನಿಗೆ ತುಂಬ ಹೊತ್ತು ಹಿಡಿಯಿತು. "ಗೆದ್ದಿದ್ದು ಉಣಸೆ ಬೀಜ ಕಣ್ಲಾ, ನಾನಲ್ಲ. ವಾರ ಪೂರಾ ಬಾಯ್ ಮುಚ್ಕಂಡಿರ್ತೀನಿ, ಭಾನ್ವಾರ ಒಂದಿನ ಮಾತಾಡಾನ ಅಂತ ಬತ್ತಿದ್ದೆ. ಅದ್ನೂ ತಕ್ಕೊಂಡು ಚೊಂಬಿಗಾಕ್ಬುಟ್ರಿ."

"ತಪ್ಪಾಯ್ತು. ಹಳೇ ನಿಯಮಾನೇ ಇಟ್ಕೊಳ್ಳೋಣ" ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವನು ತಲೆಯಾಡಿಸಿದ.

"ಅಳೇ ನಿಯಮದಲ್ಲೂ ನೀನು ಸರ್ಯಾಗಿ ಆಡ್ನಿಲ್ಲ. ಮೂರ್ ವರ್ಸದಲ್ಲಿ ಒಂದ್ಸಲನಾರ ನಂಗೆ ಇಲ್ಲ ಅಂದಿದ್ದೀಯಾ? ನಾನು ಎಲ್ಡ್ ಮಾತಾಡಾದ್ರೊಳಗೆ ನೀನು ವೊಪ್ಕಂಡೆ ಅಂದ್ಬುಡ್ತಿದ್ದೆ. ಅಷ್ಟು ವರ್ಸಾನೂ ನಾನು ಒಂದ್ ತಪ್ ಮಾತೂ ಆಡ್ನಿಲ್ವಾ?"

ಮೊದಲು ನನಗೆ ಕೋಪ ಬಂತು. ಒಳ್ಳೆಯದು ಮಾಡಲು ಹೋಗಿ ಇವನ ಕೈಲಿ ಅನ್ನಿಸಿಕೊಳ್ಳಬೇಕಲ್ಲ ಎಂದು. ಬಸ್ಸಿಗೆ ಕಾಯುತ್ತಾ ನಿಂತಾಗ ಒಂದೊಂದೇ ಭಾನುವಾರ ನೆನಪಾಯಿತು. ಅವನು ತೊದಲಲು ಶುರು ಮಾಡಿದರೆ ಗದ್ದೆಯವನು ಪದ ಹುಡುಕಿ ಕೊಡುತ್ತಿದ್ದ, ಕುಶನ್ನಿನವನು ರೆಕ್ಸಿನ್ ನೋಡುತ್ತಿದ್ದ, ನಾನು ಒಪ್ಪಿಕೊಂಡು ಬೇಗ ಮುಗಿಸುತ್ತಿದ್ದೆ. ಕೇಳಿ ತೀರ್ಪು ಕೊಡಬೇಕು ಎಂಬುದು ನಿಯಮ. ಊರವರ ಮೇಲೆಲ್ಲ ರೇಗುವ ನಾನು ಅದನ್ನು ವಾರವಾರವೂ ಮುರಿದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ನಾಲೆ ಏರಿಗೆ ವಾಪಸ್ ಹೋಗಿ, "ಭಾನುವಾರ ಬಾ, ಈ ಸಲ ಪೂರ್ತಿ ಕೇಳ್ತೀನಿ" ಎಂದು ಹೇಳಿ ಬಂದೆ.

ಮುಂದಿನ ಭಾನುವಾರ ಅವನು ಬರುವ ಮೊದಲೇ ಉಳಿದಿಬ್ಬರಿಗೆ ಎಲ್ಲವನ್ನೂ ಹೇಳಿದೆ. ಗದ್ದೆಯವನು ತಲೆ ಕೆರೆದುಕೊಂಡು "ನಮ್ಮ ಗದ್ದೆಗೆ ನಮ್ಮುನ್ನೇ ಒಂದ್ ಮಾತು ಕೇಳ್ದೆ ಯಾರೋ ನಾಟಿ ಆಕ್ದಂಗಾಯ್ತಲ್ಲ ಇದು" ಎಂದ. ಡೇರಿಯವನು ಬಂದ. ಆಟ ಶುರುವಾಯಿತು.

ಕತೆಯಲ್ಲಿ ನಾನು ಒಬ್ಬ ಪಾಳೇಗಾರ. ತೊಣ್ಣೂರಿನ ಕೆರೆಯಂಥ ದೊಡ್ಡ ಕೆರೆಯ ತೂಬನ್ನು ಮುಚ್ಚಿಸಿದ್ದೇನೆ, ಕೆಳಗಿನ ಊರುಗಳಿಗೆ ನೀರು ಬೇಕು. ರಾಯಭಾರಿ ಎದ್ದು ನಿಂತ. ನೀರು ಕೇಳಿದ, ಹಳೆಯ ನಂಟನ್ನು ನೆನಪಿಸಿದ, ಕೊನೆಗೆ ದಂಡು ತರುತ್ತೇನೆಂದು ಹೆದರಿಸಿದ. ಒಂದು ಪದಕ್ಕೆ ಅವನ ತುಟಿ ಕಟ್ಟಿಹೋದಾಗ ಗದ್ದೆಯವನ ಬಾಯಿ ತಾನಾಗಿ ತೆರೆಯಿತು. ಕುಶನ್ನಿನವನು ಅವನ ತೊಡೆ ಚಿವುಟಿದ. ನಾನು ಪೂರ್ತಿ ಕೇಳಿದೆ, ಮೂರು ವರ್ಷದಲ್ಲಿ ಮೊದಲ ಸಲ. ಅವನ ಮಾತು ಚೆನ್ನಾಗಿತ್ತು. ಆದರೆ ಅದರಲ್ಲೊಂದು ತೂತಿತ್ತು.

"ಆಗುವುದಿಲ್ಲ" ಎಂದೆ. "ನಿನ್ನ ದಂಡು ನಾಗಮಂಗಲದ ಕಡೆ ಹೋಗಿ ವಾರವಾಯಿತು. ನನ್ನ ಬೇಹಿನವರು ನೋಡಿದ್ದಾರೆ. ಯಾರನ್ನು ಹೆದರಿಸುತ್ತೀ? ತೂಬು ತೆಗೆಯುವುದಿಲ್ಲ."

ಗದ್ದೆಯವನು ನನ್ನನ್ನು ತಿಂದುಬಿಡುವಂತೆ ನೋಡಿದ. ಡೇರಿಯವನು ನಕ್ಕ. ಅಷ್ಟು ಜೋರಾಗಿ ಅವನು ನಕ್ಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸ್ಟೂಲನ್ನು ನನ್ನ ಮುಂದಕ್ಕೆ ಎಳೆದುಕೊಂಡು ಕೂತ.

"ಅಂಗಾದ್ರೆ ಇನ್ನೊಂದ್ ಮಾತೈತೆ, ಕೇಳಿ ದೊರೆ" ಎಂದ. ಮುಂದಿನ ಪದ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಅದೇನೆಂದು ನಮಗೆ ಮೂವರಿಗೂ ಗೊತ್ತಿತ್ತು. ಯಾರೂ ಹೇಳಿಕೊಡಲಿಲ್ಲ.