ಒಂದು ಚಮಚ ಹೆಪ್ಪು

ಬಾರೋ, ಲೆಂಡ್. ದೇವದುರ್ಗದ ಹೈಸ್ಕೂಲಿನಲ್ಲಿ ಎಷ್ಟೋ ವರ್ಷಗಳಿಂದ ಈ ಎರಡು ಇಂಗ್ಲಿಷ್ ಪದಗಳ ಜೊತೆ ಗುದ್ದಾಡುತ್ತಿದ್ದೇನೆ. ವಾಪಸ್ ಕೊಡುವ ಮಾತಿನ ಮೇಲೆ ಇಸ್ಕೊಂಡರೆ ಬಾರೋ, ಕೊಟ್ಟರೆ ಲೆಂಡ್. ಇಷ್ಟೇ. ಆದರೂ ಪ್ರತಿ ಪರೀಕ್ಷೆಯಲ್ಲೂ ಉತ್ತರಪತ್ರಿಕೆ ನೋಡಿ ನನ್ನ ತಲೆ ಕೆಡುತ್ತದೆ.

ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಇದರಲ್ಲಿ ಶಾಲೆಯ ಮಕ್ಕಳಿಗಿಂತ ಒಂದು ಕೈ ಮೇಲು. ಅಕ್ಕಿ ಗಿರಣಿಯವರ ಮನೆ, ಅರವತ್ತು ದಾಟಿದ ಹೆಂಗಸು. ಇಂಗ್ಲಿಷ್ ಮೀಡಿಯಂ ಮೊಮ್ಮಗಳು ನಗುತ್ತಾಳೆಂದು ಹಟಕ್ಕೆ ಬಿದ್ದು, ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನನ್ನಿಂದ ಇಂಗ್ಲಿಷ್ ಕಲಿಯುತ್ತಿದ್ದರು.

ಕಟ್ಟೆಯ ಮೇಲೆ, ಒಳಗಲ್ಲ. ನಾವು ಮಾನ್ವಿ ಕಡೆಯ ಕೂಲಿ ಮಾಡಿದ ಮನೆತನದವರು. ಪಡಸಾಲೆಯಲ್ಲಿ ಬುದ್ಧನ ಫೋಟೊ ಇದೆ. ಅಕ್ಕ ಬಂದಾಗೆಲ್ಲ ಶೇಂಗಾ ಹೋಳಿಗೆಯನ್ನೋ ಪುಂಡಿಪಲ್ಯವನ್ನೋ ತರುತ್ತಿದ್ದರು. ನಾನು ಚಹಾ ತಂದರೆ ಮಾತ್ರ, "ಈಗರ ಕುಡದ ಬಂದೀನ್ರಿ ಟೀಚರ್." ಎರಡು ವರ್ಷ ಇದೇ ಮಾತು. ಕಾರಣ ಇಬ್ಬರಿಗೂ ಗೊತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಸಂಜೆಯಾದರೆ ಅವರ ದಾರಿ ಕಾಯುತ್ತಿದ್ದೆ. ಅಷ್ಟು ಪ್ರೀತಿಯ ಹೆಂಗಸು ಅದು.

ಆ ಎರಡು ಪದ ಅವರ ತಲೆಗೆ ಹತ್ತಲೇ ಇಲ್ಲ. ಕೊನೆಗೆ, "ಅಕ್ಕಾರ, ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತಾರಲ್ರಿ? ಕೋಡಂಗಿ ಲೆಂಡ್, ಈರಭದ್ರ ಬಾರೋ. ಆತಲ್ರಿ?" ಎಂದೆ. ಬಿದ್ದು ಬಿದ್ದು ನಕ್ಕರು. ಆದರೆ ವಾಕ್ಯ ಮಾಡಿ ಎಂದರೆ ಎಲ್ಲವೂ ಕೋಡಂಗಿಯವೇ: ನಿಮಗೆ ಏಣಿ ಕೊಡುತ್ತೇನೆ, ಛತ್ರಿ ಕೊಡುತ್ತೇನೆ, ಒರಳುಕಲ್ಲು ಕೊಡುತ್ತೇನೆ.

"ಇಸ್ಕೊಳ್ಳೋದೂ ಒಂದ್ ಹೇಳ್ರಿ," ಎಂದೆ. ದನಿ ಖಾರವಾಗಿಯೇ ಬಂತು. "ನಮ್ ಮನ್ಯಾಗಿಂದು ಏನೂ ಬ್ಯಾಡೇನ್ರಿ ನಿಮಗ?"

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ನಾಲ್ಕು ದಿನ ಬರಲಿಲ್ಲ. ವಯಸ್ಸಾದವರಿಗೆ ಹಾಗನ್ನಬಾರದಿತ್ತು ಎಂದು ಒಮ್ಮೆ, ಅಂದದ್ದೇ ಸರಿ ಎಂದು ಇನ್ನೊಮ್ಮೆ ಅನಿಸಿ ಕಟ್ಟೆಯ ಕಡೆ ನೋಡುವುದೇ ಬೇಡವಾಗಿತ್ತು.

ಐದನೆಯ ದಿನ ಬೆಳಿಗ್ಗೆ ನಾನು ದೇವದುರ್ಗದ ಬಸ್ಸಿಗೆ ಹೊರಡುವ ಅವಸರದಲ್ಲಿದ್ದೆ. ಅಕ್ಕ ಖಾಲಿ ಬಟ್ಟಲು ಹಿಡಿದು, ಕಟ್ಟೆ ದಾಟಿ, ಪಡಸಾಲೆ ದಾಟಿ, ನೇರ ಅಡುಗೆಮನೆಗೇ ಬಂದರು.

"ಬೆಕ್ಕು ಮಸರೆಲ್ಲಾ ಚೆಲ್ಲ್ಯದ. ಇವತ್ತ ನಾನ ಈರಭದ್ರ. ಒಂದೀಟು ಹೆಪ್ಪು ಕೊಡು ತಂಗಿ."

ಓಣಿಯ ತುದಿಯ ಅಂಗಡಿಯಲ್ಲಿ ಪ್ಯಾಕೆಟ್ ಮೊಸರು ಸಿಗುತ್ತದೆ. ಅದು ಅಕ್ಕನಿಗೂ ಗೊತ್ತು. ಇಂದಿನ ಮೊಸರೇ ನಾಳೆಗೆ ಹೆಪ್ಪು, ಹಾಗಾಗಿ ಇನ್ನು ದಿನಾ ಅವರ ಮನೆಮಂದಿ ಉಣ್ಣುವುದು ನಮ್ಮ ಗಡಿಗೆಯಿಂದ ಹುಟ್ಟಿದ ಮೊಸರು. ಅದೂ ಗೊತ್ತು. ಒಂದು ಚಮಚ ಸಾಕಾಗಿತ್ತು. ನಾನು ಸೌಟು ತುಂಬ ಹಾಕಿದೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಸ್ಸು ತಪ್ಪಿತು.

ಬೇಸಿಗೆ ರಜೆ ಮುಗಿಸಿ ಮಾನ್ವಿಯಿಂದ ಬಂದಾಗ ನಮ್ಮ ಗಡಿಗೆ ಒಣಗಿತ್ತು. ಬಟ್ಟಲು ಹಿಡಿದು ಹೋಗಿ, ಅಭ್ಯಾಸಬಲದಿಂದ ಅವರ ಹೊಸ್ತಿಲ ಹೊರಗೇ ನಿಂತೆ. ಅಕ್ಕ ಅಡುಗೆಮನೆಯಿಂದಲೇ ಕೂಗಿದರು.

"ಹೊರಗ್ಯಾಕ ನಿಂತೀ? ಒಳಗ ಬಾ. ನಿಂದ ಮಸರದು, ನೀನ ತಗೋ."