ಬೋರಲು ಚಪ್ಪಲಿ ಮತ್ತು ಉದ್ದ್ಯಾನ ದನಿ

ಮಗಳು ಶಾಲೆಯಿಂದ ಬಂದವಳೇ ಚಪ್ಪಲಿ ಝಾಡಿಸಿ ಒಗೆದು ಒಳಗೆ ಓಡುತ್ತಾಳೆ. ಒಂದೇನಾದರೂ ಬೋರಲು ಬಿತ್ತೆಂದರೆ, ಇಷ್ಟು ವಯಸ್ಸಾದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಅದರ ಹಿಂದೆಯೇ ಒಂದು ವಾಸನೆ ಬರುತ್ತದೆ. ನಾಯಿಯ ಕಿವಿ ನೀರಲ್ಲಿ ನೆನೆದು ಬಿಸಿಲಿಗೆ ಅರೆಬರೆ ಒಣಗಿದಾಗ ಬರುವ ವಾಸನೆ. ಆಮೇಲೆ ಶಹಾಪುರದ ನಮ್ಮ ಮನೆ, ಕರಿ ಪರಸಿಗಲ್ಲು ಹಾಸಿದ ಪಡಸಾಲೆ, ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತ ಆಯಿ, ಎಲ್ಲ ಒಂದೊಂದಾಗಿ ಬರುತ್ತವೆ. ನಿಮ್ಮ ಹಳೆಯ ಮನೆಯಿಂದಲೂ ಇಂಥದೊಂದು ವಾಸನೆ ನಿಮ್ಮನ್ನು ಹಿಂಬಾಲಿಸಿಕೊಂಡು ಬಂದಿರಬೇಕು.

ಆಯಿ ಅಂದರೆ ನನ್ನ ಅಪ್ಪನ ತಾಯಿ. ಅಜ್ಜನಿಗೆ ನಾವು ಮುತ್ಯಾ ಅನ್ನುತ್ತಿದ್ದೆವು. ಮುತ್ಯಾ ಸುರಪುರದಲ್ಲಿ ಟೇಲರ್ ಅಂಗಡಿ ಇಟ್ಟಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಮುಚ್ಚಂಜೆಯ ಬಸ್ಸಿಗೆ ಬರುವವರು. ಅವರ ಹತ್ತಿರ ಪ್ಯಾಂಟು ಹೊಲಿಸುತ್ತಿದ್ದ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ಅವರ ಕೈಗಿಟ್ಟು ಹೋದರು. ಅದರ ತಂದೆ ಬ್ಯಾಸೆಟ್ ಹೌಂಡ್ ಅಂತೆ, ತಾಯಿ ಹೈದರಾಬಾದಿನ ಬೀದಿನಾಯಿ. ಅಯ್ಯೋ, ಅದರ ರೂಪ ಏನು ಹೇಳಲಿ! ಮೈ ಮಾತ್ರ ಹಾಸಿಗೆ ಸುರುಳಿಯಷ್ಟು ಉದ್ದ, ಕಾಲು ಗೇಣುದ್ದ, ಅವೂ ಸೊಟ್ಟ. ಕಿವಿ ನೆಲಕ್ಕೆ ತಾಗಿ ಮಣ್ಣು ಬಳಿಯುತ್ತಿದ್ದವು, ಅವಸರದಲ್ಲಿ ಓಡಿದರೆ ತನ್ನ ಕಿವಿಯನ್ನು ತಾನೇ ತುಳಿದು ಮುಗ್ಗರಿಸುತ್ತಿತ್ತು. ನೀರು ಕುಡಿಯುವಾಗ ಮೊದಲು ಕಿವಿ ಕುಡಿಯಬೇಕು, ಆಮೇಲೆ ಬಾಯಿ. ಬಾಲ ಮಾತ್ರ ತಾಯಿಯದು, ನಮ್ಮೂರ ನಾಯಿಗಳ ಹಾಗೆ ಮೇಲಕ್ಕೆ ಸುತ್ತಿಕೊಂಡಿತ್ತು. ಮುತ್ಯಾ ಅದಕ್ಕೆ ಉದ್ದ್ಯಾ ಅಂತ ಹೆಸರಿಟ್ಟರು. ನನಗೆ ಅದರ ಕಣ್ಣೆಂದರೆ ಹೆದರಿಕೆ. ಕೆಳರೆಪ್ಪೆ ಜೋತುಬಿದ್ದು ಒಳಗಿನ ಕೆಂಪು ಕಾಣುತ್ತಿತ್ತು, ಯಾವಾಗಲೂ ಈಗಷ್ಟೇ ಅತ್ತು ಮುಗಿಸಿದ ಮನುಷ್ಯರ ಕಣ್ಣು.

ಆದರೆ ಕಣ್ಣಿಗಿಂತ ದನಿ. ಉದ್ದ್ಯಾ ಬೊಗಳುತ್ತಿರಲಿಲ್ಲ. ದಿನಾ ಮುಚ್ಚಂಜೆ ಹೊಸ್ತಿಲ ಮೇಲೆ ನಿಂತು, ಮೂಗು ಮೇಲೆತ್ತಿ, ಹೊಟ್ಟೆಯ ಆಳದಿಂದ ಓ... ಎಂದು ಉದ್ದಕ್ಕೆ ಎಳೆಯುತ್ತಿತ್ತು. ಓಣಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಪಕ್ಕದ ಮನೆಯ ರಜಿಯಾ ಖಾಲಾ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು:

"ಯಾ ಅಲ್ಲಾ! ಮತ್ತ ಅಳಾಕತ್ತದ ನೋಡ್ರಿ ಆಯಿ. ಇದು ಭಾಳ ಖರಾಬ್ ಅದರಿ, ಎಲ್ಲ್ಯಾರ ಬಿಟ್ಟು ಬರ್ರಿ ಅದನ್ನ."

ಆಯಿ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು, ಬಾಗಿಲ ಮುಂದಿನ ಚಪ್ಪಲಿಗಳನ್ನೆಲ್ಲ ಬೋರಲು ಹಾಕುತ್ತಿದ್ದಳು. ನಾಯಿ ಊಳಿಟ್ಟರೆ ಮನೆಗೆ ಸಾವು ಬರುತ್ತದೆ, ಚಪ್ಪಲಿ ಬೋರಲು ಹಾಕಿದರೆ ದನಿಯೂ ನಿಲ್ಲುತ್ತದೆ, ಬಂದ ಸಾವೂ ತಿರುಗಿ ಹೋಗುತ್ತದೆ ಎಂದು ಅವಳ ನಂಬಿಕೆ. ನಿಜಕ್ಕೂ ಉದ್ದ್ಯಾ ಸುಮ್ಮನಾಗುತ್ತಿತ್ತು. ಅಷ್ಟೊತ್ತಿಗೆ ಮುತ್ಯಾ ಓಣಿಯ ಬಾಯಲ್ಲಿ ಬಸ್ಸಿಳಿದು ಮನೆ ಮುಟ್ಟಿರುತ್ತಿದ್ದರು. ಬೋರಲು ಬಿದ್ದ ಚಪ್ಪಲಿಗಳನ್ನು ನೋಡಿ ನಗುತ್ತಿದ್ದರು.

"ಏ ಹುಚ್ಚಿ, ಅದು ಅಳಾಕತ್ತಿಲ್ಲ. ನಾ ಬಂದೀನಂತ ಎಲ್ಲರಿಗೂ ಹೇಳಾಕತ್ತದ."

"ಸಾಕು ಸುಮ್ಮಕಿರ್ರಿ. ನಿಮಗೇನ್ ತಿಳಿತದ," ಎಂದು ಆಯಿ ಕಾಲಿಗೆ ನೀರು ಕೊಡುತ್ತಿದ್ದಳು. ನಾನಂತೂ ಆಯಿಯ ಕಡೆಗಿದ್ದೆ. ಮಲಗುವ ಮುಂಚೆ ಚಪ್ಪಲಿ ಬೋರಲೇ ಇವೆಯೇ ಎಂದು ನೋಡಿ ಬರದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮುತ್ಯಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಪರಸಿಯ ಮೇಲೆ ಕೂತುಬಿಟ್ಟರು. ಮೈಯೆಲ್ಲ ಬೆವರು. ಅಪ್ಪ, ಅವ್ವ ಅವರನ್ನು ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ಉಳಿದದ್ದು ಆಯಿ, ನಾನು, ಉದ್ದ್ಯಾ. ಆ ಮುಚ್ಚಂಜೆ ಆಯಿ ಬಾಗಿಲಲ್ಲೇ ಕೂತಳು. ಬಸ್ಸು ಬಂತು, ಹೋಯಿತು. ಉದ್ದ್ಯಾ ಹೊಸ್ತಿಲ ಮೇಲೆ ಗದ್ದ ಊರಿ, ಜೊಲ್ಲು ಸುರಿಸುತ್ತ ಮಲಗಿತ್ತು. ಒಂದು ಸೊಲ್ಲೂ ಇಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಫೋನಿನಲ್ಲಿ ಅಪ್ಪ "ಆರಾಮ ಅದಾರ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಆ ದನಿಗೆ ಹೆದರಿ ಬೆಳೆದ ನನಗೆ ಈಗ ಈ ಮೌನ ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು. ಆಯಿಗೂ ಹಾಗೇ ಆಗಿರಬೇಕು. ಒಂದು ಸಂಜೆ ಅವಳು ಚಪ್ಪಲಿಗಳನ್ನೆಲ್ಲ ನೆಟ್ಟಗೆ ಮಾಡಿ, ಸೆರಗಿನಿಂದ ಧೂಳು ಒರೆಸಿ, ಮುತ್ಯಾನ ಹಳೆಯ ಜೋಡನ್ನು, ಈಗಷ್ಟೇ ಒಳಗೆ ಬಂದವರು ಬಿಟ್ಟ ಹಾಗೆ, ಒಳಮುಖವಾಗಿ ಇಟ್ಟಳು. ಆಮೇಲೆ ಉದ್ದ್ಯಾನ ಜೋಲು ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಒದರೋ ನನ್ನಪ್ಪಾ. ಒಮ್ಮೆ ಒದರು. ನಾ ಏನೂ ಅನ್ನಂಗಿಲ್ಲ."

ಅದು ಅವಳ ಕೈ ನೆಕ್ಕಿತು, ಅಷ್ಟೇ.

ಅದಾದ ಮೇಲೆ ಒಂದು ಮಟಮಟ ಮಧ್ಯಾಹ್ನ ನಾವು ಉಣ್ಣಲು ಕೂತಿದ್ದೆವು. ಉದ್ದ್ಯಾ ದಡಕ್ಕನೆ ಎದ್ದಿತು. ಮೂಗು ಮೇಲೆತ್ತಿತು. ಹೊಟ್ಟೆಯ ಆಳದಿಂದ ಆ ದನಿ ಬಂತು. ಆಯಿಯ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಬಂದ್ರು ನೋಡು ನಿಮ್ಮ ಮುತ್ಯಾ! ಓಡು, ಕೈಚೀಲ ಇಸ್ಕೊ," ಎಂದಳು. ಎಂಜಲು ಕೈ ತೊಳೆದು, ಒಲೆಯ ಮೇಲೆ ಚಹಾಕ್ಕಿಟ್ಟು, ಕಾಲಿಗೆಂದು ತಂಬಿಗೆ ತುಂಬಿಸಿಕೊಂಡಳು.

ನಾನು ಓಡಿದೆ. ಉದ್ದ್ಯಾ ನನ್ನ ಮುಂದೆ, ಕಿವಿ ತುಳಿಯುತ್ತ, ಮುಗ್ಗರಿಸುತ್ತ, ಬಾಲದ ಜೊತೆ ಹಿಂಭಾಗವನ್ನೆಲ್ಲ ಕುಣಿಸುತ್ತ. ಓಣಿಯ ಬಾಯಲ್ಲಿ ದವಾಖಾನೆಯ ಬಿಳಿ ಗಾಡಿ ನಿಂತಿತ್ತು. ಅಪ್ಪ ಇಳಿದ. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದ. ಹಿಂದಿನ ಬಾಗಿಲು ತೆಗೆದರು. ಉದ್ದ್ಯಾ ಮುಂಗಾಲೆತ್ತಿ ಗಾಡಿ ಹತ್ತಲು ನೋಡಿತು, ಆ ಗೇಣುದ್ದ ಕಾಲಿಗೆ ಎಟುಕಲಿಲ್ಲ. ಮತ್ತೆ ಕೂಗಿತು, ಅದೇ ಸಂತೋಷದ ದನಿ. ಆಯಿ ತಂಬಿಗೆ ಹಿಡಿದುಕೊಂಡೇ ಅಲ್ಲಿಯವರೆಗೆ ಬಂದುಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಕೂತವರು ಯಾರೋ, ಈ ನಾಯಿಯೇ ಅವರನ್ನು ತಿಂದಿತು, ವನದುರ್ಗದ ಕಡೆ ಬಿಟ್ಟು ಬರೋಣ ಎಂದರು. ಅಪ್ಪ ಹೂಂ ಅಂದ. ಮೂಲೆಯಲ್ಲಿದ್ದ ಆಯಿ ತಲೆಯೆತ್ತಿದಳು.

"ಅದು ಎಂದೂ ಸುಳ್ಳು ಹೇಳಿಲ್ಲ. ಬಂದ್ರು ಅಂತು. ಬಂದಿದ್ರು."

ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಉದ್ದ್ಯಾ ನಮ್ಮಲ್ಲೇ ಮುದಿಯಾಯಿತು, ಹೊಸ್ತಿಲ ಮೇಲೆ ಗದ್ದ ಊರಿಕೊಂಡೇ. ಆ ದನಿಯನ್ನು ಮಾತ್ರ ಮತ್ತೆ ತೆಗೆಯಲಿಲ್ಲ. ಆಯಿ ಕೂಡ ಆಮೇಲೆ ಒಂದು ಚಪ್ಪಲಿಯನ್ನೂ ಬೋರಲು ಹಾಕಲಿಲ್ಲ. ಈಗ ಅವರಿಬ್ಬರೂ ಇಲ್ಲ, ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು.

ಮಗಳ ಚಪ್ಪಲಿಯನ್ನು ನೆಟ್ಟಗೆ ಮಾಡಿ, ಒಳಮುಖವಾಗಿ ಇಡುತ್ತೇನೆ. ಸಂಜೆಯ ಬಸ್ಸು ಬಂದು ಹೋದ ಸದ್ದು ಕೇಳುತ್ತದೆ. ಬಾಗಿಲು ಹಾಕಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ.